ಎರಡು ಲೈಸೆನ್ಸಿನ ಪಾಳಿ

ಮೊನ್ನೆ ಜಮಖಂಡಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಹೊಲದ ಉತಾರದ, ಎಂದರೆ ಪಹಣಿಯ, ಪ್ರತಿ ತೆಗೆಸಲು ನಿಂತಿದ್ದೆ. ಅಂಗಡಿಯವರು ಫೈಲು ತೆರೆಯುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಹಳದಿ ಚೌಕವೊಂದು ಎದ್ದು ಬಂತು. ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿದೆ ಎಂದು ಅದರಲ್ಲಿ ಬರೆದಿತ್ತು. ಅವರು ಅದರ ಕಡೆ ನೋಡಲೂ ಇಲ್ಲ. ಉಣ್ಣುವಾಗ ನೊಣ ಜಾಡಿಸಿದ ಹಾಗೆ ಒಂದು ಸಲ ಒತ್ತಿ ಓಡಿಸಿದರು.

ನನಗೆ ತಡೆಯಲಾಗಲಿಲ್ಲ. "ಅಣ್ಣಾರ, ಅದನ್ನ ಒಂದ್ಸಲ ಓದಬಾರದೇನ್ರಿ?" ಎಂದೆ.

"ಅದು ದಿನಾ ಬರ್ತೈತ್ರಿ ಬಾಯಾರ. ಪಾಪ, ಬಂದು ತನ್ನಷ್ಟಕ್ಕ ತಾ ಹೋಕ್ಕೈತಿ," ಎಂದರು ಅವರು, ಓಣಿಯ ಬೆಕ್ಕಿನ ಮಾತಾಡಿದ ಹಾಗೆ.

ನಿಮಗೆ ನಗು ಬರಬಹುದು. ಆದರೆ ಆ ಹಳದಿ ಚೌಕ ಕಂಡರೆ ನನಗೆ ಇವತ್ತಿಗೂ ಒಲೆಯ ಮೇಲೆ ಹಾಲಿಟ್ಟು ಮರೆತವಳ ಹಾಗೆ ಎದೆ ಝಲ್ಲೆನ್ನುತ್ತದೆ. ಒಬ್ಬೊಬ್ಬರು ಆಯುಷ್ಯದಲ್ಲಿ ಒಂದೊಂದನ್ನು ಕಾಯುತ್ತಾರೆ. ಕೆಲವರು ಹೊಲ ಕಾಯುತ್ತಾರೆ, ಕೆಲವರು ಕುರಿ ಕಾಯುತ್ತಾರೆ. ನಾನು ಹಲವು ವರ್ಷ ಒಂದು ಫೈಲನ್ನು ಕಾದೆ. ಅದರಲ್ಲಿ ಇದ್ದದ್ದು ನಾಲ್ಕೈದು ಸಾಲು ಮಾತ್ರ. ಅದನ್ನು ಕಾದೆ ಎಂದು ಹೇಳಿಕೊಳ್ಳುವಾಗ ನನ್ನ ಕೊರಳು ಸ್ವಲ್ಪ ಉದ್ದವಾಗುತ್ತದೆ ಎಂದು ಮನೆಯವರು ಚೇಷ್ಟೆ ಮಾಡುತ್ತಾರೆ. ಆಗಲಿ ಬಿಡಿ.

ಆಗ ನಮ್ಮ ಮನೆ ರಬಕವಿಯಲ್ಲಿತ್ತು. ಪಕ್ಕದ ಬನಹಟ್ಟಿಯಲ್ಲಿ ನೇಕಾರರ ಸಂಘವೊಂದು ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮಾಡಿಸಲೆಂದು ಒಂದು ಕೋಣೆ ತೆರೆಯಿತು. ಅದನ್ನು ನೋಡಿಕೊಳ್ಳಲು ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಲ್ಲವರು ಬೇಕು ಎಂದರು. ಯುನಿಕ್ಸ್ ಎಂದರೆ ಹಾಡೋ ಹಸೆಯೋ ಎಂದು ಕೇಳುವವರೇ ಊರಲ್ಲಿ ಹೆಚ್ಚಿದ್ದ ಕಾಲ ಅದು. ನನಗದು ಬರುತ್ತಿದ್ದುದು ಅಕಸ್ಮಾತ್ತಾಗಿ. ಜಮಖಂಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಮಗೆ ಕಲಿಸಲು ಬಂದವರಿಗೆ ಅದೊಂದೇ ಗೊತ್ತಿತ್ತು. ಉಳಿದವರು ಬಣ್ಣದ ಚಿತ್ರ ಕುಣಿಯುವ ಕಂಪ್ಯೂಟರು ಕಲಿಯುತ್ತಿದ್ದಾಗ ನಾನು ಕರಿ ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುವುದನ್ನು ಕಲಿತೆ. ರೊಟ್ಟಿ ಬಡಿಯುವ ಕೈಗೆ ಅದೇನೂ ಕಷ್ಟವಾಗಲಿಲ್ಲ.

ಕೋಣೆಯಲ್ಲಿ ಕೂತು ಕೆಲಸ ಮಾಡಲು ನಾಲ್ಕು ಪರದೆಗಳಿದ್ದವು. ಆದರೆ ವಿನ್ಯಾಸದ ಸಾಫ್ಟ್‌ವೇರಿಗೆ ಸಂಘ ಕೊಂಡದ್ದು ಎರಡೇ ಲೈಸೆನ್ಸು. ಎಂದರೆ, ಒಂದೇ ಹೊತ್ತಿಗೆ ಇಬ್ಬರು ಮಾತ್ರ ಅದನ್ನು ತೆರೆಯಬಹುದು. ಮೂರನೆಯವರು ತೆರೆಯಹೋದರೆ ಜಾಗ ಖಾಲಿ ಇಲ್ಲ ಎಂದು ಪರದೆ ಹೇಳುತ್ತಿತ್ತು. ಈ ಲೆಕ್ಕವೆಲ್ಲ ಇದ್ದದ್ದು, ನಾಲ್ಕೂ ಪರದೆಗಳನ್ನು ನಡೆಸುತ್ತಿದ್ದ ದೊಡ್ಡ ಕಂಪ್ಯೂಟರಿನೊಳಗಿನ ಆ ಲೈಸೆನ್ಸ್ ಫೈಲಿನಲ್ಲಿ. ಯಾವ ಸಾಫ್ಟ್‌ವೇರು, ಎಷ್ಟು ಮಂದಿಗೆ, ಯಾವ ದಿನದವರೆಗೆ, ಯಾವ ಕಂಪ್ಯೂಟರಿನಲ್ಲಿ ಎಂಬಷ್ಟೂ ಅಲ್ಲಿರುತ್ತಿತ್ತು. ಕೊನೆಗೆ, ಕೂಸು ಕೀಬೋರ್ಡಿನ ಮೇಲೆ ಅಂಬೆಗಾಲಿಟ್ಟಂತಹ ಉದ್ದನೆಯ ಅಕ್ಷರಗಳ ಒಂದು ಸಾಲು. ಅದು ಮುದ್ರೆ ಇದ್ದ ಹಾಗೆ. ಮೇಲಿನ ಸಾಲುಗಳಲ್ಲಿ ಒಂದಕ್ಷರ ಬದಲಾದರೂ ಮುದ್ರೆ ತಾಳೆಯಾಗುತ್ತಿರಲಿಲ್ಲ.

ಆ ಫೈಲನ್ನು ಎಲ್ಲರೂ ಓದಬಹುದು, ಯಾರೂ ತಿದ್ದಬಾರದು ಎಂದು ಮೊದಲ ದಿನವೇ ಕಟ್ಟು ಹಾಕಿದೆ. ತಿದ್ದುವ ಅಧಿಕಾರ ರೂಟ್ ಎಂಬ ಯಜಮಾನಿಕೆಯ ಹೆಸರಿಗೆ ಮಾತ್ರ, ಆ ಹೆಸರಿನ ಪಾಸ್‌ವರ್ಡು ನನ್ನ ತಲೆಯೊಳಗೆ. ಪ್ರತಿ ವರ್ಷ ಹೊಸ ಫೈಲು ಬಂದಾಗ ಹಳೆಯದನ್ನು ಅಳಿಸದೆ, ಹೆಸರಿನ ಮುಂದೆ ವರ್ಷ ಸೇರಿಸಿ ಬದಿಗಿಡುತ್ತಿದ್ದೆ. ಒಂದು ನಕಲು ಫ್ಲಾಪಿಯಲ್ಲಿ ಹಾಕಿ ಸಂಘದ ಕಪಾಟಿನಲ್ಲಿಟ್ಟರೆ, ಇನ್ನೊಂದು ನಮ್ಮ ಮನೆಯಲ್ಲಿ. ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತರುವುದಿಲ್ಲವೇ, ಹಾಗೆ.

ಇಷ್ಟು ಜೋಪಾನ ಸುಮ್ಮನೆ ಬಂದದ್ದಲ್ಲ. ಒಂದು ವರ್ಷ ಹೊಸ ಲೈಸೆನ್ಸು ಇ-ಮೇಲಿನಲ್ಲಿ ಬಂದಾಗ ಸಂಘದ ಕಾರ್ಯದರ್ಶಿಗಳು ಅದನ್ನು ತಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ತೆರೆದು, ಸಾಲುಗಳು ವಾರೆಕೋರೆ ಇವೆ ಎಂದು ಮರುಗಿ, ಅಲ್ಲಲ್ಲಿ ಎಂಟರ್ ಒತ್ತಿ ಸರಿಮಾಡಿ, ಮೇಲೆ ಸಂಘದ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ಕಳಿಸಿಕೊಟ್ಟರು. "ನೋಡ್ರಿ ಬಾಯಾರ, ಈಗ ಹೆಂಗ ಛಂದ ಕಾಣ್ತೈತಿ!" ಎಂದರು. ಲೈಸೆನ್ಸ್ ಹಂಚುವ ಪ್ರೋಗ್ರಾಮು ಆ ಚಂದವನ್ನು ನೋಡಿ ಬಾಯಿ ಮುಚ್ಚಿಕೊಂಡದ್ದು ತೆರೆಯಲೇ ಇಲ್ಲ. ಮೂಲ ಪತ್ರವನ್ನು ಮತ್ತೆ ತರಿಸಿ ಹಾಕಬೇಕಾಯಿತು.

ಇನ್ನು ಈರಪ್ಪ ಮಾಸ್ತರರ ಟವೆಲಿನ ಸುದ್ದಿ. ಇವರು ರನ್ನ ಬೆಳಗಲಿಯವರು. ಕೆನಾಲಿನ ನೀರು ಹರಿಯುವ ಹೊಲವಿತ್ತು, ಜೊತೆಗೆ ವಿನ್ಯಾಸದಲ್ಲಿ ದೊಡ್ಡ ಕೈ, ಅದಕ್ಕೇ ಮಾಸ್ತರರು. ಕಾಗದದ ಮೇಲೆ ಚೌಕ ತುಂಬುತ್ತಿದ್ದ ಕಾಲದಿಂದ ಅವರ ಹೂಬಳ್ಳಿಗೆ ಪೇಟೆಯಲ್ಲಿ ಹೆಸರು. ಮುಂಜಾನೆ ಬಂದವರೇ ಸಾಫ್ಟ್‌ವೇರ್ ತೆರೆದಿಟ್ಟು, ಕುರ್ಚಿಯ ಮೇಲೆ ಟವೆಲು ಹಾಸಿ, ಸೂಸಲ ಮಿರ್ಚಿ ತಿನ್ನಲು ನಡೆಯುತ್ತಿದ್ದರು. ಬಸ್ಸಿನ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿಯುವುದು ನಮ್ಮ ಕಡೆ ಎಲ್ಲರೂ ಒಪ್ಪಿದ ಕಾಯ್ದೆ. ಮಾಸ್ತರರು ಅದನ್ನು ಕಂಪ್ಯೂಟರಿಗೂ ತಂದರು. ಅವರನ್ನು ನೋಡಿ, ಮಾತು ಕಡಿಮೆಯ ಇನ್ನೊಬ್ಬ ಮಾಸ್ತರರೂ ಟವೆಲು ತಂದರು. ಎರಡು ಲೈಸೆನ್ಸು, ಎರಡು ಟವೆಲು. ಉಳಿದವರು ಖಾಲಿ ಪರದೆ ನೋಡುತ್ತ ಕೂರುವುದಾಯಿತು.

ನಾನು ಜಗಳವಾಡುವವಳಲ್ಲ. ಕೈಪಿಡಿ ತೆಗೆದು ಒಂದು ವಾರ ಓದಿದೆ. ಲೈಸೆನ್ಸ್ ಫೈಲಿನ ಜೊತೆ ಇನ್ನೊಂದು ಚಿಕ್ಕ ಫೈಲು ಇಡಬಹುದೆಂದೂ, ಅರ್ಧ ತಾಸು ಯಾರೂ ಕೈ ಆಡಿಸದಿದ್ದರೆ ಲೈಸೆನ್ಸು ತಾನಾಗಿ ಮರಳಿ ಬರಲಿ ಎಂದು ಅದರಲ್ಲಿ ಒಂದು ಸಾಲು ಬರೆಯಬಹುದೆಂದೂ ತಿಳಿಯಿತು. ಬರೆದೆ. ಮರುದಿನ ಈರಪ್ಪ ಮಾಸ್ತರರು ಬಾಯಿ ಒರೆಸಿಕೊಳ್ಳುತ್ತ ಬಂದು ನೋಡಿದರೆ ಅವರ ಲೈಸೆನ್ಸು ಮತ್ತೊಬ್ಬರ ಪರದೆಯ ಮೇಲಿತ್ತು.

"ಬಾಯಾರ! ನನ್ನ ಟಾವೆಲ್ ಕುರ್ಚಿ ಮ್ಯಾಲ ಐತಿ! ಕಣ್ಣು ಕಾಣಂಗಿಲ್ಲೇನು?"

"ನನಗ ಕಾಣತೈತ್ರಿ ಮಾಸ್ತರ. ಮಷೀನಿಗೆ ಟಾವೆಲ್ ಕಾಣಂಗಿಲ್ರಿ."

ಅವತ್ತಿನಿಂದ ಪಾಳಿ ಶುರುವಾಯಿತು. ಮುಂಜಾನೆ ಯಾರು, ಮಧ್ಯಾಹ್ನ ಯಾರು ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹೆಂಗಸರನ್ನು ಗೌರವದಿಂದ ಕರೆಯುವ ಬಾಯಿಗೆ ಲೈಸೆನ್ಸು ಸೇರಿಸಿ, ಮಾಸ್ತರರು ನನ್ನನ್ನು ಲೈಸೆನ್ಸ್ ಬಾಯಿ ಎಂದು ಕರೆಯತೊಡಗಿದರು. ಅವರು ಕರೆದದ್ದು ಬೈಗುಳವಾಗಿ, ನಾನು ಉಟ್ಟದ್ದು ಸೀರೆಯಾಗಿ.

ಈಗ ಮಾಳವ್ವನ ಮಾತಿಗೆ ಬರುತ್ತೇನೆ. ತೇರದಾಳದ ಕಡೆಯ ಹುಡುಗಿ, ಬೀರೇಶ್ವರನ ಒಕ್ಕಲು, ತವರಿನಲ್ಲಿ ಕುರಿ ಸಾಕುವವರು. ಬನಹಟ್ಟಿಗೆ ಮದುವೆಯಾಗಿ ಬಂದ ಮೇಲೆ ಎಲ್ಲ ಹೆಂಗಸರ ಹಾಗೆ ಅವಳೂ ಕಂಡಿಕೆ ಸುತ್ತುತ್ತಿದ್ದಳು, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಸಂಘಕ್ಕೆ ಕಂಡಿಕೆ ಕೊಡಲು ಬಂದಾಗ ನಮ್ಮ ಬಾಗಿಲಲ್ಲಿ ನಿಂತು ಪರದೆ ನೋಡುವಳು. ಒಂದು ದಿನ, "ಅಕ್ಕಾರ, ಆ ಮೂಲ್ಯಾಗ ಒಂದು ಎಳಿ ತಪ್ಪೈತ್ರಿ," ಎಂದಳು. ನೋಡಿದರೆ ಹೌದು. ಕಾರ್ಯದರ್ಶಿಗಳ ಕೈಕಾಲು ಹಿಡಿದು ಅವಳಿಗೂ ಒಂದು ಪಾಳಿ ಕೊಡಿಸಿದೆ. ದಸರೆಯ ಮರುದಿನದ ಸಭೆಯಲ್ಲಿ ವ್ಯಾಪಾರಿಗಳು ಹೊಸ ಅಂಚುಗಳನ್ನು ಆರಿಸುವವರಿದ್ದರು. ಅವಳದು ಆಯ್ಕೆಯಾದರೆ ವಿನ್ಯಾಸದ ಕೋಣೆಯಲ್ಲಿ ಕಾಯಂ ಕೆಲಸ. ಇಲ್ಲದಿದ್ದರೆ ಮರಳಿ ಕಂಡಿಕೆಗೆ. ಇಷ್ಟೇ ಕರಾರು.

ಅವಳು ತೆಗೆದದ್ದು ಅಪ್ಪನ ಕಂಬಳಿಯ ಅಂಚು. ಕರಿ ನೆಲದ ಮೇಲೆ ಬಿಳಿ ಮತ್ತು ಕೆಂಪಿನ ಸಣ್ಣ ಹಲ್ಲುಗಳು, ಕುರಿಗಳು ಸಾಲಾಗಿ ದಿನ್ನೆ ಏರಿದ ಹಾಗೆ. ಈರಪ್ಪ ಮಾಸ್ತರರು ಬಗ್ಗಿ ನೋಡಿ, "ಸೀರಿ ಉಟಗೊಂಡಾಕಿ ಬ್ಯಾ ಅಂದಾಳ ನೋಡು!" ಎಂದು ನಕ್ಕರು. "ಅನ್ನಲ್ರಿ ಮಾಸ್ತರ. ನಿಮ್ಮ ಹೂವಿನ ಸೀರಿ ಉಟಗೊಂಡಾಕಿ ಮುಂದ ಹೋಗಲಿ, ನನ್ನ ಕುರಿ ಹಿಂದ ಬಂದು ಮೇಯ್ತಾವ," ಎಂದಳು ಮಾಳವ್ವ, ತಲೆ ಎತ್ತದೆ. ಅಂಚು ಸೆರಗಿಗೆ ಕೂಡುವ ಜಾಗವೊಂದು ಉಳಿದಿತ್ತು. ಸಭೆಯ ದಿನ ಮುಂಜಾನೆಯ ಪಾಳಿ ಅವಳದೇ. ಮುಗಿಸಿ, ಪ್ರಿಂಟು ತೆಗೆದರೆ ಆಯಿತು.

ಅದಕ್ಕೂ ಮೊದಲು ಖಂಡೇಪೂಜೆ, ಎಂದರೆ ಆಯುಧಪೂಜೆ, ಬಂತು. ನಮ್ಮಲ್ಲಿ ಅವತ್ತು ಮಗ್ಗಗಳಿಗೆಲ್ಲ ಎಣ್ಣೆ, ನೀರು. ಲಾಳಿ, ಹಣಿಗೆ ಬಿಚ್ಚಿ ಒರೆಸಿ, ದೇವರ ಮುಂದೆ ಸಾಲಾಗಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದು ಮರಳಿ ಜೋಡಿಸುತ್ತಾರೆ. ವಿನ್ಯಾಸದ ಕೋಣೆಯ ಕೀಲಿಯನ್ನು ಪೂಜೆಗೆಂದು ಕೊಟ್ಟು ನಾನು ಮನೆಯ ಹೋಳಿಗೆಯ ಕಡೆ ಹೋದೆ. ದಶಮಿಯ ದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದದ್ದಾಯಿತು. ಮರುದಿನ ಮುಂಜಾನೆ ಬಂದು ದೊಡ್ಡ ಕಂಪ್ಯೂಟರು ಚಾಲೂ ಮಾಡಿದರೆ ಲೈಸೆನ್ಸ್ ಹಂಚುವ ಪ್ರೋಗ್ರಾಮು ಏಳಲೊಲ್ಲದು. ಫೈಲಿನಲ್ಲಿರುವ ಕಂಪ್ಯೂಟರು ಇದಲ್ಲ ಎನ್ನುತ್ತದೆ.

ಫೈಲು ತೆರೆದೆ, ಒಂದಕ್ಷರವೂ ಬದಲಾಗಿರಲಿಲ್ಲ. ಮನೆಯಿಂದ ನಕಲು ತರಿಸಿ ಹಾಕಿದರೂ ಅದೇ ಉತ್ತರ. ಮಾಳವ್ವ ಕುರ್ಚಿಯ ಮೇಲೆ ಕೂತೇ ಇದ್ದಳು. "ಆತೇನ್ರಿ ಅಕ್ಕಾರ?" ಎಂದು ಕೇಳುವಳು, ನಾನು ಇನ್ನೂ ಇಲ್ಲ ಎನ್ನುವೆ, ಅವಳು ಸೆರಗಿನ ತುದಿಯನ್ನು ಬೆರಳಿಗೆ ಕಂಡಿಕೆಯ ಹಾಗೆ ಸುತ್ತುವಳು, ಬಿಚ್ಚುವಳು.

ಸಾಫ್ಟ್‌ವೇರಿನವರಿಗೆ ಪುಣೆಗೆ ಫೋನು ಹಚ್ಚಿದೆ. ಆ ಕಡೆ ಇದ್ದವರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳಿದರು. ಲೈಸೆನ್ಸು ಕಂಪ್ಯೂಟರನ್ನು ಗುರುತಿಸುವುದು ಅದರ ನೆಟ್‌ವರ್ಕ್ ಕಾರ್ಡಿನ ನಂಬರಿನಿಂದ, ಕಾರ್ಡು ಬದಲಿಸಿದ್ದೀರಾ ಎಂದರು. ಇಲ್ಲವೇ ಇಲ್ಲ ಎಂದೆ. ಹಾಗಾದರೆ ಸಂಘದಿಂದ ಪತ್ರ ಕಳಿಸಿ, ಹೊಸ ಫೈಲು ಬರಲು ಒಂದು ವಾರವಾದೀತು ಎಂದರು. ಸಭೆ ಇದ್ದದ್ದು ಅದೇ ಸಂಜೆ.

ಈರಪ್ಪ ಮಾಸ್ತರರು ಬಾಗಿಲಿಗೆ ಒರಗಿ ನಿಂತಿದ್ದರು. "ಹುಬ್ಬಳ್ಳ್ಯಾಗ ಸೀಡಿ ಸಿಗ್ತಾವಂತ ಬಾಯಾರ. ಲೈಸೆನ್ಸ್ ಗೀಸೆನ್ಸ್ ಏನೂ ಕೇಳಂಗಿಲ್ಲಂತ. ಸುಮ್ನ ತರಿಸಿ ಒಗೀರಿ."

"ನಿಮ್ಮ ಹೂಬಳ್ಳಿ ಬ್ಯಾರೆದವರು ಕದ್ದು ನೇದ್ರ ಪ್ಯಾಟ್ಯಾಗ ನಿಂತು ಬೈತೀರಿ ಮಾಸ್ತರ. ಇದನ್ನೂ ಯಾರೋ ಕುಂತು ನೇದಾರ್ರಿ."

ಹಾಗೆ ಹೇಳಿದೆನೇ ಹೊರತು ಮುಂದೇನು ಎಂದು ತಿಳಿಯದೆ ಯಂತ್ರದ ಮುಚ್ಚಳ ಬಿಚ್ಚಿದೆ. ಒಳಗೆ ಕರ್ಪೂರದ ವಾಸನೆ. ಹಸಿರು ಕಾರ್ಡಿನ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು.

ಮಗ್ಗ ರಿಪೇರಿಯ ಬಸಪ್ಪಣ್ಣನನ್ನು ಕರೆಸಿದೆ. ಪೂಜೆಯ ಜವಾಬ್ದಾರಿ ಅವರದು.

"ಬಸಪ್ಪಣ್ಣ, ಇದನ್ನ ಬಿಚ್ಚಿದ್ರೇನ್ರಿ?"

"ಬಿಚ್ಚಲಾರದ ಪೂಜಿ ಹೆಂಗ ಆಕ್ಕೈತ್ರಿ ಬಾಯಾರ? ಮಗ್ಗದ್ದು ಬಿಚ್ಚೀವಿ, ಇದರದ್ದು ಬಿಟ್ರ ಇದಕ್ಕ ಕೆಟ್ಟನಸಂಗಿಲ್ಲೇನು? ತೊಳದಿಲ್ರಿ ಮತ್ತ, ಅಂಜಬ್ಯಾಡ್ರಿ. ಒಣ ಅರಬಿಲೆ ಒರಸೀನಿ."

"ಆಫೀಸಿನ್ಯಾಗ ಬಿಲ್ ಮಾಡೋ ಕಂಪ್ಯೂಟರಿಂದೂ ಬಿಚ್ಚಿದ್ರಿ?"

"ಎರಡೂದೂ. ಜೋಡಿಲೆ ಇಟ್ಟಿದ್ವಿ, ಭಾಳ ಛಂದ ಕಾಣ್ತಿದ್ದು."

"ಮತ್ತ ಯಾವುದು ಯಾವುದರಾಗಿಂದು ಅಂತ ಹೆಂಗ ಗುರ್ತ ಹಿಡದ್ರಿ?"

ಬಸಪ್ಪಣ್ಣ ನನ್ನನ್ನು ಕನಿಕರದಿಂದ ನೋಡಿದರು. "ಗುರ್ತ ಯಾಕ್ರಿ? ಒಂದ ಅಳತಿ ಲಾಳಿ ಯಾವ ಮಗ್ಗಕ್ಕ ಹಾಕಿದ್ರೂ ಓಡ್ತೈತಲ್ರಿ."

ನನಗೆ ಅಳು ಬರಬೇಕಿತ್ತು, ನಗು ಬಂತು. ಬಿಲ್ಲಿನ ಕಂಪ್ಯೂಟರಿಗೆ ಹೋಗಿ ಅದರ ಕಾರ್ಡಿನ ನಂಬರು ಕೇಳಿದೆ. ಲೈಸೆನ್ಸ್ ಫೈಲಿನಲ್ಲಿದ್ದ ನಂಬರು ಅಕ್ಷರಕ್ಕಕ್ಷರ ಅಲ್ಲಿ ಕುಳಿತಿತ್ತು, ದಸರೆಗೆ ನೆಂಟರ ಮನೆಗೆ ಹೋದವರ ಹಾಗೆ. ಕಾರ್ಡುಗಳನ್ನು ಅದಲುಬದಲು ಮಾಡಿದೆವು. ವಿಭೂತಿ ಒರೆಸಲು ಬಸಪ್ಪಣ್ಣ ಬಿಡಲಿಲ್ಲ. ಪ್ರೋಗ್ರಾಮು ಎದ್ದಿತು. ಎರಡು ಲೈಸೆನ್ಸು ಇವೆ, ಎರಡೂ ಖಾಲಿ ಎಂದು ಪರದೆಯ ಮೇಲೆ ಬಂದಾಗ ಮೊದಲ ಮೊಮ್ಮಗನ ಮುಖ ಕಂಡಷ್ಟು ಹಿಗ್ಗಿದೆ.

ಹಿಗ್ಗು ಅರ್ಧ ಗಳಿಗೆ ಮಾತ್ರ. ಗಡಿಯಾರ ನೋಡಿದರೆ ಮಧ್ಯಾಹ್ನ ತಿರುಗಿಬಿಟ್ಟಿತ್ತು. ಮಾಳವ್ವನ ಪಾಳಿ ಖಾಲಿ ಪರದೆಯ ಮುಂದೆ ಕಳೆದುಹೋಗಿತ್ತು. ಮಧ್ಯಾಹ್ನದ ಎರಡು ಲೈಸೆನ್ಸುಗಳೂ ಇಬ್ಬರು ಮಾಸ್ತರರವು. ಬಾಗಿಲ ಮೇಲೆ ನನ್ನದೇ ಅಕ್ಷರ. ಇಬ್ಬರೂ ಬಂದು ಕೂತು ತೆರೆದೂಬಿಟ್ಟರು. ಮಾಳವ್ವ ಎದ್ದು ಗೋಡೆಗೆ ನಿಂತಳು.

ರೂಟ್ ಆಗಿ ಒಳಹೊಕ್ಕು ಒಬ್ಬರ ಲೈಸೆನ್ಸು ಕಿತ್ತುಕೊಳ್ಳುವುದು ನನಗೆ ಒಂದು ಸಾಲಿನ ಕೆಲಸ. ಕೈ ಕೀಬೋರ್ಡಿನ ಮೇಲೇ ಇತ್ತು. ಆದರೆ ಒಮ್ಮೆ ಹಾಗೆ ಕಿತ್ತುಕೊಂಡರೆ ನಾಳೆಯಿಂದ ಪಾಳಿ ಎಂಬುದು ಉಳಿಯುವುದಿಲ್ಲ, ನನ್ನ ಮರ್ಜಿ ಮಾತ್ರ ಉಳಿಯುತ್ತದೆ. ಆಗ ಅವರ ಟವೆಲಿಗೂ ನನ್ನ ಪಾಸ್‌ವರ್ಡಿಗೂ ಏನು ವ್ಯತ್ಯಾಸ? ಕೈ ತೆಗೆದು, ಕುರ್ಚಿಯನ್ನು ಈರಪ್ಪ ಮಾಸ್ತರರ ಕಡೆ ತಿರುಗಿಸಿದೆ.

"ಮಾಸ್ತರ, ಒಂದು ಕೇಳ್ತೀನ್ರಿ. ನಿಮ್ಮ ಹೊಲಕ್ಕ ಕೆನಾಲ್ ನೀರು ಪಾಳಿ ಮ್ಯಾಲ ಬರ್ತೈತಲ್ಲ. ನಿಮ್ಮ ಪಾಳಿಯೊಳಗ ನೀರ ಬರಲಿಲ್ಲ ಅಂದ್ರ ಏನ್ಮಾಡ್ತೀರಿ?"

"ಮಾಡೂದೇನು? ನೀರು ಬಂದ ಕೂಡ್ಲೆ ಮೊದಲ ನಮಗ ಬಿಡ್ತಾರ."

"ಮುಂದಿನವರು ತಕರಾರ ಮಾಡಂಗಿಲ್ಲೇನ್ರಿ?"

"ಹೆಂಗ ಮಾಡ್ತಾರ? ನೀರು ಬರದ ಪಾಳಿ ಪಾಳಿನ ಅಲ್ಲ. ಕೆನಾಲ್ ಬಂದಾಗಿಂದ ಇದ ನಡದೈತಿ. ಹಂಗ ತಕರಾರ ಮಾಡಿದವಗ ಊರಾಗ ಯಾರೂ ಸಲಿಕಿನೂ ಕೊಡಂಗಿಲ್ಲ..."

ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ಗೋಡೆಗೆ ನಿಂತ ಮಾಳವ್ವನ ಮೇಲೆ ಬಿತ್ತು. ಮೌಸಿನ ಮೇಲಿನ ಕೈ ನಿಂತಿತು. ನನ್ನ ಕಡೆ ನೋಡಿದರು. ನಾನು ಬಹಳ ಭಕ್ತಿಯಿಂದ ಗಡಿಯಾರ ನೋಡುತ್ತಿದ್ದೆ.

"ಏ ಲೈಸೆನ್ಸ್ ಬಾಯಿ," ಎಂದರು ಮಾಸ್ತರರು, "ನನ್ನ ಹೊಲದಾಗ ನಿಂತು ನನಗ ನೀರು ತಿರುವಿದೆಲ್ಲ!" ತಮ್ಮ ಕೆಲಸ ಉಳಿಸಿ, ಸಾಫ್ಟ್‌ವೇರ್ ಮುಚ್ಚಿ ಎದ್ದರು. "ಬಾ ಬೇ ಮಾಳವ್ವ. ಹಾಯಿಸಿಕೋ ನಿನ್ನ ಕುರಿ ಹೊಲಕ್ಕ. ಲಗೂನ ಮುಗಸು, ನನ್ನ ಹೂವು ಒಣಗ್ತಾವ."

ಅವಳು ಮುಗಿಸಿದಳು. ಪ್ರಿಂಟಿನ ಕಾಗದ ಇನ್ನೂ ಬಿಸಿಯಿದ್ದಾಗಲೇ ಸಭೆಗೆ ಒಯ್ದೆವು. ಮಾಸ್ತರರಿಗೂ ಕೊನೆಗೆ ಸ್ವಲ್ಪ ಹೊತ್ತು ಸಿಕ್ಕಿತು, ಅವರ ಹೂಬಳ್ಳಿಯೂ ಮೇಜಿನ ಮೇಲೆ ಬಂತು. ವ್ಯಾಪಾರಿಗಳು ಮಾಳವ್ವನ ಅಂಚನ್ನು ತಿರುವಿ ತಿರುವಿ ನೋಡಿ, "ಇದು ಛಲೋ ಐತಿ. ಆದ್ರ ಕರಿ ಬ್ಯಾಡ, ಮದವ್ಯಾಗ ಯಾರು ಉಡ್ತಾರ? ಹಸರ ಮಾಡ್ರಿ," ಎಂದರು. ಕಂಬಳಿಯ ಕರಿ ಹೋಯಿತೆಂದು ಅವಳ ಮುಖ ಒಂದು ಕ್ಷಣ ಚಿಕ್ಕದಾಯಿತು. ನಂತರ, "ಹಸರ ಆದ್ರ ಕುರಿಗೆ ಮೇವಾತು ಬಿಡ್ರಿ," ಎಂದಳು. ಅವಳು ಕಾಯಂ ಆದಳು. ಆ ಅಂಚಿನ ಸೀರೆ ಉಟ್ಟ ಗುರುತಿಲ್ಲದ ಹೆಂಗಸರನ್ನು ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ, ಬೀಳಗಿಯ ಸಂತೆಯಲ್ಲಿ ಕಂಡಾಗಲೆಲ್ಲ, ಮುಟ್ಟಿ ಮಾತಾಡಿಸಬೇಕೆಂಬ ಚಪಲವನ್ನು ಬಹಳ ಕಷ್ಟದಿಂದ ತಡೆದುಕೊಂಡಿದ್ದೇನೆ. ಎಲ್ಲ ಸಲವೂ ತಡೆದುಕೊಂಡೆ ಎಂದರೆ ಸುಳ್ಳಾದೀತು.

ಆಮೇಲೆ ವರ್ಷಗಳು ಕಳೆದವು. ನಾವು ಜಮಖಂಡಿಗೆ ಬಂದೆವು. ಮಾಳವ್ವ ರಬಕವಿಯಲ್ಲಿ ಸ್ವಂತ ವಿನ್ಯಾಸದ ಕೋಣೆ ಮಾಡಿಕೊಂಡಳು. ಅಲ್ಲಿ ಲಿನಕ್ಸು, ಪುಕ್ಕಟೆಯ ಸಾಫ್ಟ್‌ವೇರು. ಲೈಸೆನ್ಸ್ ಫೈಲನ್ನು ಕಾಯುವ ಗೊಡವೆಯೇ ಇಲ್ಲ. ಇದನ್ನು ಮೊದಲು ಕೇಳಿದಾಗ, ನನ್ನ ವಿದ್ಯೆಗೆ ಇನ್ನು ಗಿರಾಕಿ ಇಲ್ಲ ಎಂದು ಸ್ವಲ್ಪ ಸಪ್ಪಗಾಗಿದ್ದೆ ಎಂಬುದನ್ನು ನಿಮ್ಮ ಮುಂದೆ ಮುಚ್ಚಿಡುವುದೇಕೆ?

ಝೆರಾಕ್ಸ್ ಅಂಗಡಿಯಿಂದ ಮನೆಗೆ ಬಂದವಳೇ ಅವಳಿಗೆ ಫೋನು ಮಾಡಿದೆ. ಹಳೆಯದನ್ನೆಲ್ಲ ತೆಗೆದು ನಗಾಡಿದೆವು. ನಡುವೆ ಅವಳು ಫಕ್ಕನೆ ಕೇಳಿದಳು: "ಖರೆ ಹೇಳ್ರಿ ಅಕ್ಕಾರ, ಅಷ್ಟು ವರ್ಷ ಕಾದ್ರೆಲ್ಲ, ನೀವು ಒಂದರೆ ಅಂಚು ತಗದೀರೇನ್ರಿ?"

ಇಲ್ಲ. ಲೈಸೆನ್ಸುಗಳು ಇದ್ದದ್ದೇ ಎರಡು. ನಾನೊಂದು ತೆರೆದರೆ ನೇಕಾರರಿಗೆ ಉಳಿಯುವುದು ಒಂದೇ. ಆ ಸಾಫ್ಟ್‌ವೇರನ್ನು ಯಾರು ಎಷ್ಟು ಹೊತ್ತು ತೆರೆದಿದ್ದರು ಎಂದು ನಿದ್ದೆಯಲ್ಲೂ ಹೇಳುತ್ತಿದ್ದ ನಾನು, ಅದರೊಳಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ.

"ಐತವಾರ ಬರ್ರಿ," ಎಂದಳು, ಆಜ್ಞೆ ಮಾಡಿದ ಹಾಗೆ.

ಹೋದೆ. ಕೋಣೆಯ ತುಂಬ ಹೆಂಗಸರು, ಎಲ್ಲರೂ ನನಗಿಂತ ಚುರುಕು. ಮಾಳವ್ವ ಒಂದು ಕುರ್ಚಿ ಎಳೆದು ಕೂರಿಸಿ, ಮೌಸು ಕೈಗೆ ಕೊಟ್ಟಳು. "ಲಟ್ಟಣಗಿ ಹಿಡದಂಗ ಹಿಡೀಬ್ಯಾಡ್ರಿ ಅಕ್ಕಾರ, ಸಡಲ ಬಿಡ್ರಿ ಕೈ," ಎಂದಳು. ಒಂದು ತೆನೆ ಬರೆಯಲು ಹೊರಟೆ. ಅದು ತೆನೆಯೂ ಅಲ್ಲದ, ತೊಗರಿ ಕಾಯಿಯೂ ಅಲ್ಲದ ಏನೋ ಒಂದಾಗಿ ಒಂದು ಪಕ್ಕಕ್ಕೆ ವಾಲಿತು. ಸುತ್ತ ನಿಂತವರು ಸೆರಗು ಬಾಯಿಗಿಟ್ಟುಕೊಂಡರು. ಮಾಳವ್ವ ತಡೆಯಲಾರದೆ, ಸರಿಮಾಡಿ ಕೊಡುತ್ತೇನೆಂದು ಮೌಸಿಗೆ ಕೈ ಚಾಚಿದಳು.

"ಕೈ ತಗಿ ಮಾಳವ್ವ," ಎಂದೆ. "ಇದು ನನ್ನ ಪಾಳಿ."